ಮೂರನೇ ಪುಸ್ತಕಕ್ಕೆ ಬೈಗುಳ ಬಂದಾಗ ಓದುಗರ ಕೈಗೆ ಪೆನ್ಸಿಲ್ ಕೊಟ್ಟೆ

ನನ್ನ ಬಿದನೂರು ಸರಣಿಯ ನಾಲ್ಕನೇ ಪುಸ್ತಕ ಪ್ರೆಸ್ಸಿಗೆ ಹೋಗುವ ಮೊದಲೇ 700ರ ಹತ್ತಿರ ಪ್ರತಿ ಬುಕ್ ಆದವು. ಅಟ್ಟದ ಮೇಲೆ ಧೂಳು ಹಿಡಿಯುತ್ತಿದ್ದ ಮೂರನೇ ಪುಸ್ತಕವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿದೆ. ಅದೂ ಮುಗಿಯುತ್ತಾ ಬಂದಿದೆ. ಕನ್ನಡದಲ್ಲಿ ಐತಿಹಾಸಿಕ ಪ್ರೇಮ ಕಾದಂಬರಿ ಬರೆಯುವವರಿಗೆ ಈ ಸಂಖ್ಯೆಯ ಬೆಲೆ ನಾನು ಹೇಳಬೇಕಾಗಿಲ್ಲ. ಆದರೆ ಓದುಗರ ಕೈಗೆ ಪೆನ್ಸಿಲ್ ಕೊಟ್ಟು, ಅವರು ಹಾಕಿದ ಗೆರೆ ನೋಡಿ ಪುಸ್ತಕ ತಿದ್ದುವ ಈ ದಾರಿ ಹಿಡಿದಾಗ ನಕ್ಕವರು ಪರಿಚಯದ ಲೇಖಕರೇ. "ಓದುಗರನ್ನು ಅಡುಗೆಮನೆಗೆ ಬಿಟ್ಟರೆ ಸಾರು ಕೆಡುತ್ತದೆ" ಎಂದು ಒಬ್ಬ ಹಿರಿಯರು ಫೋನಿನಲ್ಲೇ ಪಾಠ ಮಾಡಿದರು. ಪ್ರಕಾಶಕರಂತೂ ಇದು ಖಾಲಿ ಕೂತವರ ಆಟ ಅಂದರು. ಅವರೆಲ್ಲ ಈಗ "ಹೇಗೆ ಮಾಡಿದಿರಿ" ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸರಣಿ ಗೊತ್ತಿಲ್ಲದವರಿಗೆ ಎರಡೇ ಮಾತು. ಕೆಳದಿ ಅರಸರ ಕಾಲ, ಅವರ ರಾಜಧಾನಿ ಬಿದನೂರು. ಮೊದಲ ಎರಡು ಪುಸ್ತಕದಲ್ಲಿ ಸೋಮಶೇಖರ ನಾಯಕನ ಕೊನೆಗಾಲ ಮತ್ತು ಅವನ ರಾಣಿ ಚೆನ್ನಮ್ಮ ಪಟ್ಟಕ್ಕೆ ಬಂದ ಮೊದಲ ವರ್ಷಗಳು. ಮೂರನೆಯದು 1689ರ ಸುತ್ತಮುತ್ತ. ಶಿವಾಜಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ತಮಿಳು ಸೀಮೆಯ ಜಿಂಜಿ ಕೋಟೆಗೆ ಹೋಗುವಾಗ ಚೆನ್ನಮ್ಮ ಆಶ್ರಯ ಕೊಟ್ಟಳಲ್ಲ, ಔರಂಗಜೇಬನ ಸೈನ್ಯ ಬೆನ್ನಟ್ಟಿ ಬಂತಲ್ಲ, ಆ ಹೊತ್ತು. ಆದರೆ ನನ್ನ ಕಥೆ ಅರಮನೆಯದ್ದಲ್ಲ. ಲೆಕ್ಕ ಬರೆಯುವ ಒಬ್ಬ ಕರಣಿಕ, ಅಡಿಕೆ ವ್ಯಾಪಾರಿಯ ಮನೆಯ ಒಬ್ಬ ಹೆಣ್ಣುಮಗಳು. ಅವನು ಈರಣ್ಣ, ಅವಳು ನಾಗವ್ವ. ಇಬ್ಬರೂ ನನ್ನ ಕಲ್ಪನೆ.

ಮೊದಲೆರಡಕ್ಕೆ ಒಳ್ಳೆಯ ಮಾತೇ ಬಂದಿತ್ತು. ಮೂರನೆಯದಕ್ಕೆ ಬಂದದ್ದನ್ನು ಏನೆಂದು ಕರೆಯಲಿ? ಅರ್ಧ ಜನ ಹೊಗಳಿದರು, ಅರ್ಧ ಜನ ಬೈದರು. ಹೊಗಳಿದವರು ಹೊಗಳಿದ ಜಾಗವನ್ನೇ ಬೈದವರೂ ಬೈದರು. ಇದು ಸುಮ್ನೆ ಮಾತಿಗೆ ಹೇಳುವುದಲ್ಲ. ಈರಣ್ಣ ಅಕ್ಕಿ ಸಾಗಿಸುವ ಎತ್ತುಗಳ ಜೊತೆ ಹೊಸಂಗಡಿ ಘಾಟಿ ಇಳಿದು ಕುಂದಾಪುರದ ಹತ್ತಿರದ ಬಂದರು ಬಸ್ರೂರಿಗೆ ಹೋಗುತ್ತಾನೆ. ನೂರು ಪುಟದಷ್ಟು ನಾಗವ್ವನ ಮುಖ ನೋಡುವುದಿಲ್ಲ. "ಪ್ರೇಮಕಥೆ ಅಂತ ಕೊಂಡೆ, ಅಕ್ಕಿ ಮಂಡಿ ತೋರಿಸಿದಿರಿ" ಎಂದು ದಾವಣಗೆರೆಯ ಓದುಗರೊಬ್ಬರು ಬರೆದರು. ಅದೇ ವಾರ ಮಸ್ಕತ್ತಿನಲ್ಲಿರುವ ಕುಂದಾಪುರದವರೊಬ್ಬರು ಫೋನ್ ಮಾಡಿ, ಬಸ್ರೂರಿನ ಅಕ್ಕಿ ಆಗಲೇ ಮಸ್ಕತ್ತಿಗೆ ಹೋಗುತ್ತಿತ್ತು ಅಂತ ಓದಿ ರಾತ್ರಿ ನಿದ್ದೆ ಬರಲಿಲ್ಲ ಅಂದರು. ಯಾರ ಮಾತು ಕೇಳುವುದು?

ಮಿಕ್ಕದ್ದು ನಿಮಗೂ ಪರಿಚಯದ್ದೇ. ಮಾತುಕತೆ ಆಡುಭಾಷೆಯಲ್ಲಿದೆ, ರಾಜವೈಭವ ಇಲ್ಲ ಎಂದವರು ಕೆಲವರು. ಇದ್ದ ನಾಲ್ಕು "ಪ್ರಭು"ಗಳೂ ನಾಟಕ ಕಂಪನಿಯ ಹಾಗಿವೆ ಎಂದವರು ಕೆಲವರು. ಅಡುಗೆಮನೆಯಲ್ಲಿ ಮೆಣಸಿನಕಾಯಿ ಯಾಕೆ ಬಂತು, ಅದು ಪೋರ್ಚುಗೀಸರ ಜೊತೆ ಬಂದದ್ದಲ್ಲವಾ ಎಂದು ಜಗಳ. ಬಂದು ನೂರು ವರ್ಷಕ್ಕೂ ಜಾಸ್ತಿ ಆಗಿತ್ತು ಸ್ವಾಮಿ, ಅದೂ ಕರಾವಳಿಗೆ ಇಷ್ಟು ಹತ್ತಿರ. ನಾನು ಕಾಳುಮೆಣಸು, ಮೆಣಸಿನಕಾಯಿ ಎರಡನ್ನೂ ಇಟ್ಟಿದ್ದೆ. ಅದಕ್ಕೆ ಎರಡೂ ಕಡೆಯವರಿಂದ ಬೈಸಿಕೊಂಡೆ. ರಾಜಾರಾಮ ಬರೀ ನಾಲ್ಕು ಪುಟ ಬಂದು ಹೋದ ಎಂದು ಸಿಟ್ಟಾದವರಿದ್ದರು. ಶಿವಾಜಿ 1665ರಲ್ಲಿ ಬಸ್ರೂರಿನ ಮೇಲೆ ದಾಳಿ ಮಾಡಿದ್ದನ್ನು ಬಸ್ರೂರಿನ ಮುದುಕರು ಮರೆತಿರುತ್ತಾರಾ, ಒಂದು ಮಾತೂ ಇಲ್ಲವಲ್ಲ ಎಂದು ಇನ್ನೊಬ್ಬರು. ಇದು ಮಾತ್ರ ಬೆಲೆಬಾಳುವ ಸಲಹೆ. ಸೀದಾ ಎತ್ತಿಕೊಂಡೆ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿ ದುಡ್ಡು ಕಳೆದೆ. ಪುಸ್ತಕದೊಳಗೆ ಅಂಚೆ ಕಾರ್ಡು ಇಟ್ಟು ಕಳಿಸಿದೆ. ಕಾರ್ಡು, ಅಚ್ಚು ಸೇರಿ ಒಂದೂವರೆ ಸಾವಿರದ ಹತ್ತಿರ. ವಾಪಸ್ ಬಂದದ್ದು ಮೂವತ್ತೋ ನಲವತ್ತೋ. ಎಲ್ಲದರಲ್ಲೂ "ತುಂಬಾ ಚೆನ್ನಾಗಿದೆ, ಮುಂದಿನ ಭಾಗ ಯಾವಾಗ?" ಬೈಯುವವನು ಕಾರ್ಡು ಪೋಸ್ಟ್ ಮಾಡಲು ಅಂಚೆ ಡಬ್ಬಿವರೆಗೆ ನಡೆಯುವುದಿಲ್ಲ. ಗೂಗಲ್ ಫಾರಂ ಮಾಡಿದೆ. ಅದರಲ್ಲಿ ಐದಕ್ಕೆ ಸರಾಸರಿ ನಾಲ್ಕು ಚಿಲ್ಲರೆ ಬಂತು. ಅದನ್ನು ಇಟ್ಟುಕೊಂಡು ಏನು ಮಾಡುವುದು? ಯಾವ ಪುಟ ತಿದ್ದಬೇಕೆಂದು ನಾಲ್ಕು ಚಿಲ್ಲರೆ ಹೇಳುತ್ತದಾ?

ವಾಟ್ಸಾಪ್ ಗುಂಪು ಮಾಡಿದ್ದು ಇನ್ನೂ ದೊಡ್ಡ ಕಥೆ. ಹದಿನೈದು ದಿನಕ್ಕೆ ಕಾದಂಬರಿ ಪಕ್ಕಕ್ಕೆ ಹೋಗಿ ಚೆನ್ನಮ್ಮ ಯಾರ ಕಡೆಯವಳು ಎಂಬ ಜಗಳ ಶುರು. ಮುಚ್ಚಿದೆ. ಬೆಂಗಳೂರಿನಲ್ಲಿ ಒಂದು ಸಂವಾದ ಇಟ್ಟೆ. ಹಾಲ್ ಬಾಡಿಗೆ, ಉಪ್ಪಿಟ್ಟು, ಕಾಫಿ, ಬ್ಯಾನರ್ ಸೇರಿ ಎಂಟು ಸಾವಿರ ಹೋಯಿತು. ಬಂದವರಲ್ಲಿ ಮುಕ್ಕಾಲು ಪಾಲು ಲೇಖಕರು. ಅವರಿಗೆ ತಮ್ಮ ಮುಂದಿನ ಪುಸ್ತಕದ ಬಗ್ಗೆ ಮಾತಾಡಬೇಕಿತ್ತು. ಕೊನೆಗೆ ದುಡ್ಡು ಕೊಟ್ಟು ಒಬ್ಬ ಸಂಪಾದಕರಿಗೆ ಒಪ್ಪಿಸಿದೆ. ಹದಿನೈದು ಸಾವಿರ ತೆಗೆದುಕೊಂಡು ನಾಗವ್ವನ ಭಾಗವನ್ನೆಲ್ಲ ಒಣಗಿಸಿ ಕೊಟ್ಟರು. ವ್ಯಾಕರಣ ಮಾತ್ರ ಚೊಕ್ಕ. ಪ್ರಕಾಶಕರ ಸಲಹೆ ಸುಲಭದ್ದು: ಒಂಬತ್ತರಿಂದ ಹದಿಮೂರನೇ ಅಧ್ಯಾಯ ಕಿತ್ತು ಹಾಕಿ.

ಇಷ್ಟೆಲ್ಲ ಆದಮೇಲೆ ಹೊಳೆದದ್ದು ಪೆನ್ಸಿಲ್.

ಓದುಗರನ್ನು "ಹೇಗಿತ್ತು" ಎಂದು ಕೇಳಿದರೆ ಅಭಿಪ್ರಾಯ ಹೇಳುತ್ತಾರೆ. ಅಭಿಪ್ರಾಯ ಹೇಳುವಾಗ ಎಲ್ಲರೂ ವಿಮರ್ಶಕರೇ. ನನಗೆ ಬೇಕಿದ್ದದ್ದು ಓದುವಾಗ ಅವರ ಕಣ್ಣು ಏನು ಮಾಡಿತು ಎಂಬುದು. ಹಾಗಾಗಿ ಪುಸ್ತಕದ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ, ಒಂದು ಕೆಂಪು, ಒಂದು ನೀಲಿ ಪೆನ್ಸಿಲ್ ಜೊತೆ ಕೊಟ್ಟೆ. ದಾಟಿಸಿ ಓದಿದ ಜಾಗಕ್ಕೆ ಅಂಚಿನಲ್ಲಿ ಕೆಂಪು ಗೆರೆ. ಹಿಂದೆ ತಿರುಗಿ ಮತ್ತೆ ಓದಿದ ಜಾಗಕ್ಕೆ ನೀಲಿ. ಪುಸ್ತಕ ಮಡಚಿ ಎದ್ದು ಹೋದ ಜಾಗದಲ್ಲಿ ಗಂಟೆ ಎಷ್ಟು ಅಂತ ಬರೆಯಿರಿ, ಅಷ್ಟೆ. ಒಂದು ವಾಕ್ಯವೂ ಬರೆಯಬೇಡಿ. ಬರೆದರೆ ಓದುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಮೂರನೇ ಬಣ್ಣದ ಪೆನ್ಸಿಲ್ ಒಂದಿದೆ, ಅದನ್ನು ಎಲ್ಲರಿಗೂ ಕೊಡುವುದಿಲ್ಲ. ಅದು ಯಾತಕ್ಕೆಂದು ಇಲ್ಲಿ ಬರೆಯುವುದಿಲ್ಲ. ನನಗೂ ಒಂದಿಷ್ಟು ಗುಟ್ಟು ಇರಲಿ.

ಒಂದು ಪ್ರತಿಗೆ ಜೆರಾಕ್ಸು, ಬೈಂಡಿಂಗು ಸೇರಿ ಮುನ್ನೂರೈವತ್ತರ ಆಸುಪಾಸು ಬಿತ್ತು. ಎರಡೂ ಬದಿ ಮಾಡಿಸಿದರೆ ಕಮ್ಮಿ. ಆದರೆ ಹಿಂದಿನ ಮಗ್ಗುಲಿನ ಗೆರೆ ಮುಂದಕ್ಕೆ ಕಾಣುತ್ತದೆ, ಮಾಡಿಸಬೇಡಿ. ಇಪ್ಪತ್ತು ಚಿಲ್ಲರೆ ಜನಕ್ಕೆ ಕೊಟ್ಟೆ. ಅಂಚೆ ಖರ್ಚು ಸೇರಿ ಒಂಬತ್ತು ಹತ್ತು ಸಾವಿರ ಆಗಿರಬೇಕು. ಆ ಬೆಂಗಳೂರಿನ ಉಪ್ಪಿಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಅರ್ಧ ಜನ ಪ್ರೇಮಕ್ಕೆ ಬಂದವರು, ಅರ್ಧ ಜನ ಇತಿಹಾಸಕ್ಕೆ ಬಂದವರು. ನಾಲ್ಕೈದು ಜನ ಮೊದಲೆರಡು ಪುಸ್ತಕ ಓದಿಯೇ ಇರಲಿಲ್ಲ. ಸರಣಿ ಬರೆಯುವವರು ಇದನ್ನು ಮರೆಯಬಾರದು. ಬೈದವರಿಗೂ ಕೊಟ್ಟೆ. ದಾವಣಗೆರೆಯವರು ಮೊದಲು ಅನುಮಾನದಿಂದ "ಇದೇನು, ನನ್ನ ಬಾಯಿ ಮುಚ್ಚಿಸೋಕಾ" ಎಂದು ಕೇಳಿ, ಆಮೇಲೆ ಒಪ್ಪಿದರು. ಮೊದಲು ವಾಪಸ್ ಬಂದದ್ದು ಅವರ ಪ್ರತಿಯೇ.

ಎಲ್ಲ ಪ್ರತಿ ಬಂದಮೇಲೆ ಹಾಲ್‌ನಲ್ಲಿ ನೆಲದ ಮೇಲೆ ಉದ್ದದ ಬ್ರೌನ್ ಪೇಪರ್ ಹಾಸಿ, ಪುಟದ ಸಂಖ್ಯೆ ಬರೆದು, ಪ್ರತಿಯೊಬ್ಬರ ಗೆರೆಯನ್ನೂ ಒಂದರ ಕೆಳಗೊಂದು ಎಳೆದೆ. ಮನೆಯವರು ವಾರಗಟ್ಟಲೆ ಗೋಡೆ ಹಿಡಿದು ಓಡಾಡಿದರು.

ಆಗ ಗೊತ್ತಾಯಿತು, ಬಾಯಿಯ ಮಾತಿಗೂ ಪೆನ್ಸಿಲ್ಲಿಗೂ ಸಂಬಂಧವೇ ಇಲ್ಲ. "ಇತಿಹಾಸ ಜಾಸ್ತಿಯಾಯಿತು" ಎಂದವರ ಪ್ರತಿಯಲ್ಲಿ ಅತಿ ಹೆಚ್ಚು ನೀಲಿ ಗೆರೆ ಇದ್ದದ್ದು ಎಲ್ಲಿ ಗೊತ್ತಾ? ಶಿವಪ್ಪ ನಾಯಕನ "ಶಿಸ್ತು", ಅಂದರೆ ಅವನು ಗೊತ್ತು ಮಾಡಿದ ಭೂಕಂದಾಯದ ಲೆಕ್ಕ ತೆಗೆದು ಈರಣ್ಣ ನಾಗವ್ವನ ಗದ್ದೆಯ ಮಣ್ಣು ನೋಡುವ ದೃಶ್ಯದಲ್ಲಿ. ಶುದ್ಧ ಕಂದಾಯದ ವಿಷಯ. ಯಾವ ಮಣ್ಣಿಗೆ ಎಷ್ಟು ತೆರಿಗೆ ಎಂಬ ಲೆಕ್ಕ. ಆದರೆ ಮಣ್ಣು ಇರುವುದು ಅವಳ ಅಂಗೈಯಲ್ಲಿ, ಅವನು ಬಗ್ಗಿ ನೋಡುತ್ತಿದ್ದಾನೆ. ಇನ್ನೊಂದು ಕಡೆ, "ಮನೆಯಲ್ಲಿ ಮಕ್ಕಳಿದ್ದಾರೆ, ಇಂಥ ದೃಶ್ಯ ಬೇಕಿತ್ತಾ" ಎಂದು ಖಾರವಾಗಿ ಬರೆದಿದ್ದ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವರ ಪ್ರತಿಯಲ್ಲಿ ಅದೇ ದೃಶ್ಯದ ಪಕ್ಕ ಎರಡು ನೀಲಿ ಗೆರೆ. ಒಂದರ ಮೇಲೊಂದು. ಪ್ರಾಮಾಣಿಕ ಮನುಷ್ಯ, ಮುಚ್ಚಿಡಲಿಲ್ಲ. ಆ ದೃಶ್ಯದಲ್ಲಿ ಒಂದಕ್ಷರವನ್ನೂ ನಾನು ಮುಟ್ಟಲಿಲ್ಲ.

ಎಲ್ಲರ ಕೆಂಪು ಗೆರೆಯೂ ಒಟ್ಟಿಗೆ ಬಿದ್ದ ಜಾಗ ಹಿಂದಿನ ಕಥೆ ನೆನಪಿಸುವ ಭಾಗಗಳು. ಸೋಮಶೇಖರ ನಾಯಕ ನರ್ತಕಿ ಕಲಾವತಿಯ ಬಲೆಗೆ ಬಿದ್ದದ್ದು, ಬಿಜಾಪುರದವರು ಬಂದದ್ದು, ಅರಮನೆಯ ಒಳಜಗಳ, ಎಲ್ಲವನ್ನೂ ಹೊಸಬರಿಗೆ ಅರ್ಥವಾಗಲಿ ಎಂದು ಮತ್ತೆ ಹೇಳಿದ್ದೆ. ಹಳಬರು ದಾಟಿಸಿದ್ದು ಸರಿ. ಆದರೆ ಹಿಂದಿನ ಪುಸ್ತಕ ಓದದವರೂ ದಾಟಿಸಿದ್ದರು! ಯಾರಿಗಾಗಿ ಬರೆದೆನೋ ಅವರಿಗೇ ಬೇಡ. ಒಟ್ಟು ಹನ್ನೆರಡೋ ಹದಿಮೂರೋ ಪುಟ ಕಿತ್ತು ಬಿಸಾಕಿದೆ. ಬೇಕಾದ ನಾಲ್ಕು ವಿಷಯವನ್ನು ಜಗಳದ ಮಾತಿನೊಳಗೆ ತುರುಕಿದೆ. ಒಬ್ಬಳು ಇನ್ನೊಬ್ಬಳಿಗೆ ಹಳೆಯದನ್ನು ಎತ್ತಿ ಆಡಿಕೊಳ್ಳುವಾಗ ಓದುಗರು ದಾಟಿಸುವುದಿಲ್ಲ. ನಾಲ್ಕನೇ ಪುಸ್ತಕದಲ್ಲಿ ಹಿಂದಿನ ಕಥೆಯ ಸಾರಾಂಶವೇ ಇಲ್ಲ. ಯಾರೂ ಕೇಳಲಿಲ್ಲ.

ಈಗ ಆ ಬಸ್ರೂರಿನ ನೂರು ಪುಟ. ಪ್ರಕಾಶಕರು ಕಿತ್ತು ಹಾಕಿ ಎಂದ ಜಾಗ. ಕೆಂಪು ಗೆರೆ ಅಲ್ಲಿ ನಾನು ಹೆದರಿದಷ್ಟು ಇರಲಿಲ್ಲ. ಬಂದರು, ಸರಕಿನ ದೋಣಿ ಮಚವೆ, ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ, ಗೋವೆಗೆ ಹೋಗುವ ಸರಕಿನ ಚೌಕಾಸಿ, ಇವನ್ನು ಜನ ಓದಿದ್ದರು. ಆದರೆ ಎದ್ದು ಹೋದ ಗಂಟೆಗಳೆಲ್ಲ ಅಲ್ಲೇ ಇದ್ದವು. ರಾತ್ರಿ 10-40, 11-15, ಹೀಗೆ. ಸರಿಯಾಗಿ ನೋಡಿದರೆ ಸುಮಾರು ಮೂವತ್ತು ಪುಟಕ್ಕೊಮ್ಮೆ ಎದ್ದಿದ್ದಾರೆ. ಬೇಸರವಾಗಿ ಎದ್ದದ್ದಲ್ಲ. ಕಾದು ಸುಸ್ತಾಗಿ ಎದ್ದದ್ದು. ಇಬ್ಬರೂ ದೂರ ಇದ್ದದ್ದಕ್ಕೆ ತಕರಾರಿಲ್ಲ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇಲ್ಲವಲ್ಲ ಎಂಬುದೇ ತಕರಾರು. ನಾಗವ್ವ ಎಲ್ಲಿದ್ದಾಳೆ, ಬದುಕಿದ್ದಾಳಾ, ಒಂದು ಸುಳಿವೂ ಇರಲಿಲ್ಲ.

ಪತ್ರ ಬರೆಸಬಹುದಿತ್ತು. ಎಲ್ಲರೂ ಬರೆಸುತ್ತಾರೆ. ನನಗೆ ಬೇಡವಾಯಿತು. ಅಡಿಕೆ ವ್ಯಾಪಾರಿಯ ಮನೆ ಹುಡುಗಿ 1689ರಲ್ಲಿ ಕರಣಿಕನಿಗೆ ಪ್ರೇಮಪತ್ರ ಬರೆದು ಕಳಿಸಿದಳು ಎಂದರೆ ಇತಿಹಾಸದ ಓದುಗರು ನನ್ನನ್ನು ಬಿಡುತ್ತಾರಾ? ತಲೆ ಕೆಡಿಸಿಕೊಂಡು ತಿರುಗುವಾಗ ಸಿಕ್ಕಿದ್ದು ಕಡತ. ಶೃಂಗೇರಿ ಮಠದ ಕಡತಗಳ ಬಗ್ಗೆ ನೀವು ಓದಿರುತ್ತೀರಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬಿಳಿ ಅಕ್ಷರ ಬರೆಯುವ ಲೆಕ್ಕದ ಪುಸ್ತಕ. ಒರೆಸಿದರೆ ಹೋಗುತ್ತದೆ. ಮತ್ತೆ ಕರಿ ಬಳಿದು ಮತ್ತೆ ಬರೆಯಬಹುದು.

ಹೊಸ ಮುದ್ರಣದಲ್ಲಿ ಈರಣ್ಣನ ಲೆಕ್ಕದ ಕಡತ ಎತ್ತಿನ ಮೇಲೆ ಘಾಟಿ ಹತ್ತಿ ಬಿದನೂರಿಗೆ ಬರುತ್ತದೆ. ಅದು ನಾಗವ್ವನ ಅಪ್ಪನ ಅಂಗಡಿಗೂ ಹೋಗಬೇಕು, ಅಡಿಕೆಯ ಬಾಬ್ತು ತಾಳೆ ನೋಡಲು. ಅವಳು ದೀಪದ ಹತ್ತಿರ ಕೂತು ಮಡಿಕೆ ಬಿಚ್ಚುತ್ತಾಳೆ. ಮುಡಿಗಳ ಲೆಕ್ಕ, ವರಹದ ಲೆಕ್ಕ. ಒಂದು ಸಾಲಿನಲ್ಲಿ ಕೂಡಿದ ಮೊತ್ತ ತಪ್ಪಿದೆ. ಈರಣ್ಣ ಲೆಕ್ಕ ತಪ್ಪುವವನಲ್ಲ. ಎಷ್ಟು ಜಾಸ್ತಿ ಬರೆದಿದ್ದಾನೆ ಎಂದು ಬೆರಳು ಮಡಚಿ ಎಣಿಸುತ್ತಾಳೆ. ಅವನು ಹೊರಟು ಅಷ್ಟೇ ದಿನ ಆಗಿದೆ. ಅವಳು ಸೆರಗಿನ ತುದಿಯಿಂದ ಆ ಒಂದು ಅಂಕಿಯನ್ನು ಒರೆಸಿ, ಸರಿಯಾದ ಮೊತ್ತ ತನ್ನ ಕೈಯಲ್ಲಿ ಬರೆದು ವಾಪಸ್ ಕಳಿಸುತ್ತಾಳೆ. ಹದಿನೈದು ಪುಟ ಆದಮೇಲೆ ಬಸ್ರೂರಿನಲ್ಲಿ ಅವನು ಮಡಿಕೆ ಬಿಚ್ಚುತ್ತಾನೆ. ಅಕ್ಷರ ಬೇರೆಯವರದು. ಅಷ್ಟೇ. ಇಬ್ಬರೂ ಒಂದು ಮಾತೂ ಬರೆದಿಲ್ಲ.

ಇದನ್ನು ಮೂವತ್ತು ಪುಟಕ್ಕೊಮ್ಮೆ, ಪ್ರತಿ ಸಲ ಬೇರೆ ಬೇರೆ ತರಹ ಸೇರಿಸಿದೆ. ಒಟ್ಟು ಆರೇಳು ಪುಟ ಹೊಸದು. ಒಂದು ಅಧ್ಯಾಯವನ್ನೂ ಕಿತ್ತು ಹಾಕಲಿಲ್ಲ. ತಿದ್ದಿದ ಪ್ರತಿಯನ್ನು ಅದೇ ಓದುಗರಲ್ಲಿ ಕೆಲವರಿಗೆ, ಹೊಸಬರು ಕೆಲವರಿಗೆ ಮತ್ತೆ ಕೊಟ್ಟೆ. ಬಸ್ರೂರಿನ ಭಾಗದಲ್ಲಿ ಗಂಟೆ ಬರೆದವರು ಒಬ್ಬರೋ ಇಬ್ಬರೋ. ಒಬ್ಬರು ಗಂಟೆಯ ಬದಲು "ಹಾಲು ಉಕ್ಕಿತು" ಎಂದು ಬರೆದಿದ್ದರು. ವಾಕ್ಯ ಬರೆಯಬಾರದು ಎಂಬ ನಿಯಮ ಮುರಿದರೂ ಅದನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಪೆನ್ಸಿಲ್ ಹಿಡಿಯದವರ ಮೇಲೂ ಒಂದು ಪ್ರಯೋಗ ಮಾಡಿದೆ. ನಮ್ಮದು ಸಾಗರದ ಕಡೆ. ಸುಗ್ಗಿಯಲ್ಲಿ ರಾತ್ರಿ ಹೊತ್ತು ಅಡಿಕೆ ಸುಲಿಯಲು ಹತ್ತು ಹದಿನೈದು ಜನ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ. ಅವರ ಪಕ್ಕ ಕೂತು ಅಧ್ಯಾಯ ಓದಿದೆ. ಕಥೆ ಹಿಡಿದರೆ ಕತ್ತಿಯ ಸದ್ದು ನಿಧಾನವಾಗುತ್ತದೆ. ಹಿಡಿಯದಿದ್ದರೆ ಪಕ್ಕದವರ ಜೊತೆ ಮಾತು ಶುರು. ಇದಕ್ಕಿಂತ ನಿಜವಾದ ವಿಮರ್ಶೆ ಎಲ್ಲಿದೆ? ಯುದ್ಧದ ವರ್ಣನೆಗೆ ಕತ್ತಿ ಟಕಟಕ ಓಡಿತು. ಮೊಗಲ್ ಸೈನ್ಯ ಅಷ್ಟು ಕಷ್ಟಪಟ್ಟು ಬಂದರೂ ಯಾರೂ ತಲೆ ಎತ್ತಲಿಲ್ಲ. ಕಡತದ ದೃಶ್ಯಕ್ಕೆ ಅಂಗಳವೇ ನಿಂತಿತು. ಆದರೆ ಅವರಿಗೆ ಕೂಲಿ ಸುಲಿದ ಅಡಿಕೆಯ ಡಬ್ಬದ ಲೆಕ್ಕ. ಮಾರನೇ ದಿನ ಒಬ್ಬಾಕೆ, "ನಿಮ್ಮ ಕಥೆ ಕೇಳಿ ನಂಗೆ ಅರ್ಧ ಡಬ್ಬ ಕಮ್ಮಿ ಆತು, ಯಾರು ಕೊಡ್ತಾರೆ?" ಎಂದು ಜೋರು ಮಾಡಿದರು. ಕೊಟ್ಟೆ. ಮುಂದೆ ಕಥೆಯಿದ್ದ ರಾತ್ರಿಗೆಲ್ಲ ತಲೆಗೆ ಇಷ್ಟು ಎಂದು ಜಾಸ್ತಿ ಕೊಟ್ಟೆ. ಮೊಗಲ್ ಸೈನ್ಯವನ್ನು ಹದಿನೆಂಟು ಪುಟದಿಂದ ಏಳಕ್ಕೆ ಇಳಿಸಿದೆ.

ಮುಖಪುಟದಲ್ಲೂ ಆಟ ಆಡಿದೆ. ಒಂದರಲ್ಲಿ ಕೆಳದಿ ಅರಸರ ಕವಲೇದುರ್ಗ ಕೋಟೆಯ ಬಾಗಿಲು ಮಾತ್ರ, ಇನ್ನೊಂದರಲ್ಲಿ ಗಂಡು ಹೆಣ್ಣು. ಶಿವಮೊಗ್ಗದಲ್ಲಿ ಕೋಟೆ ಹೋಗುತ್ತದೆ, ಬೆಂಗಳೂರಿನಲ್ಲಿ ಜೋಡಿ ಹೋಗುತ್ತದೆ ಅಂದುಕೊಂಡಿದ್ದೆ. ಉಲ್ಟಾ ಆಯಿತು. ಶಿವಮೊಗ್ಗದವರು ಕೋಟೆಯನ್ನು ದಿನಾ ನೋಡುತ್ತಾರೆ ಅಂತ ಕಾಣುತ್ತದೆ. ಎರಡು ಮುಖಪುಟಕ್ಕೆ ಕಲಾವಿದರಿಗೆ ಒಂಬತ್ತು ಸಾವಿರ ಹೋಯಿತು, ಲಾಭ ಅಷ್ಟಕ್ಕಷ್ಟೆ. ಒಳಗೆ ಹಾಕಿಸಿದ ನಕ್ಷೆ ಮಾತ್ರ ಸಾರ್ಥಕ. ಕೆಳದಿ, ಇಕ್ಕೇರಿ, ಬಿದನೂರು, ಘಾಟಿ, ಬಸ್ರೂರು ಇಷ್ಟೇ ಇದ್ದ ಸಾದಾ ಗೆರೆಯ ನಕ್ಷೆ. ಅತಿ ಹೆಚ್ಚು ನೀಲಿ ಗೆರೆ ಬಿದ್ದದ್ದು ಅದಕ್ಕೇ. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋಗಿ ಐವತ್ತು ವರ್ಷ ಆಗಿತ್ತು ಎಂದು ಪುಸ್ತಕದಲ್ಲಿ ನಾಲ್ಕು ಕಡೆ ಹೇಳಿದರೂ ಹಿಡಿಯದಿದ್ದ ಓದುಗರಿಗೆ ನಕ್ಷೆ ನೋಡಿದ ತಕ್ಷಣ ಹಿಡಿಯಿತು. ಬಿದನೂರು ಅಂದರೆ ಈಗಿನ ನಗರ ಎಂದು ಅಡಿಯಲ್ಲಿ ಬರೆಸಿದ್ದೆ. ಮೂವರು ಅದನ್ನು ಓದಿ ಕಾರು ತೆಗೆದುಕೊಂಡು ಹೋಗಿ ಬಂದು ಫೋಟೋ ಕಳಿಸಿದರು.

ದುಡ್ಡಿನ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಮೂರನೇ ಪುಸ್ತಕದ ಮೊದಲ ಮುದ್ರಣ ಸಾವಿರ ಪ್ರತಿ. ಒಂದೂವರೆ ವರ್ಷಕ್ಕೆ ಹೋದದ್ದು ಆರುನೂರು ಚಿಲ್ಲರೆ, ಅದರಲ್ಲೂ ರಾಜ್ಯೋತ್ಸವದ ರಿಯಾಯಿತಿಯಲ್ಲಿ ಹೋದದ್ದೇ ಜಾಸ್ತಿ. ಗೌರವಧನದ ಬದಲು ಪ್ರಕಾಶಕರು ಪುಸ್ತಕವನ್ನೇ ಕೊಟ್ಟರು. ಉಳಿದವನ್ನು ರಿಯಾಯಿತಿಗೆ ನಾನೇ ಎತ್ತಿಕೊಂಡು ಅಟ್ಟಕ್ಕೇರಿಸಿದೆ. ಪರಿಷ್ಕೃತ ಮುದ್ರಣ 500 ಪ್ರತಿ, ಸ್ವಂತ ಖರ್ಚು. ಪ್ರತಿಗೆ ನೂರು ರೂಪಾಯಿ ಮೇಲೆ ಬಿತ್ತು, ಬೆಲೆ 320 ಇಟ್ಟೆ. ಹಳೆ ಪ್ರತಿ ಕೊಂಡವರಿಗೆ ಕಡತದ ಆರೇಳು ಪುಟವನ್ನು ಬೇರೆಯಾಗಿ ಅಚ್ಚು ಹಾಕಿಸಿ ಪುಕ್ಕಟೆ ಕಳಿಸಿದೆ. ಅದಕ್ಕೆ ನಾಲ್ಕೈದು ಸಾವಿರ ಹೋಯಿತು, ಮನೆಯಲ್ಲಿ ಬೈದರು. ಆದರೆ ನಾಲ್ಕನೇ ಪುಸ್ತಕಕ್ಕೆ ಮುಂಗಡ ಕೊಟ್ಟವರ ಪಟ್ಟಿ ತೆಗೆದು ನೋಡಿ, ಅರ್ಧಕ್ಕರ್ಧ ಅವರೇ. ಗ್ರಂಥಾಲಯದ ಸಗಟು ಖರೀದಿ ನಂಬಿ ನಾನು ಲೆಕ್ಕ ಹಾಕುವುದಿಲ್ಲ. ಬಂದಾಗ ಬರಲಿ.

ಮಿಶ್ರ ಪ್ರತಿಕ್ರಿಯೆ ನಿಂತಿತಾ? ಇಲ್ಲ. ಮೆಣಸಿನಕಾಯಿ ಜಗಳ ಇನ್ನೂ ನಡೆಯುತ್ತಿದೆ. ರಾಜಾರಾಮನನ್ನು ನಾಲ್ಕು ಪುಟದಿಂದ ಐದು ಮಾಡಲೂ ನಾನು ಒಪ್ಪಿಲ್ಲ. ನಾಗವ್ವ ಅಷ್ಟು ಬೇಗ ಕ್ಷಮಿಸಬಾರದಿತ್ತು ಎಂದು ಹೆಣ್ಣುಮಕ್ಕಳು ನಾಲ್ಕನೇ ಪುಸ್ತಕಕ್ಕೂ ಬರೆಯುತ್ತಿದ್ದಾರೆ. ಅವರ ಪ್ರತಿಯಲ್ಲಿ ಆ ಪುಟಕ್ಕೆ ಕೆಂಪೂ ಇಲ್ಲ, ನೀಲಿಯೂ ಇಲ್ಲ, ಗಂಟೆಯೂ ಇಲ್ಲ. ಅಂದರೆ ಒಂದೇ ಉಸಿರಿಗೆ ಓದಿ ಆಮೇಲೆ ಸಿಟ್ಟಾಗಿದ್ದಾರೆ. ಅಂಥ ಸಿಟ್ಟನ್ನು ನಾನು ತಿದ್ದುವುದಿಲ್ಲ.

ಒಂದು ಎಚ್ಚರಿಕೆ. ಬರೆಯುತ್ತಿರುವಾಗಲೇ ಈ ಪೆನ್ಸಿಲ್ ಪ್ರತಿ ಕೊಡಬೇಡಿ. ಪರಿಚಯದವರೊಬ್ಬರು ಹಾಗೆ ಅಧ್ಯಾಯಕ್ಕೊಮ್ಮೆ ಕೊಟ್ಟು, ನೀಲಿ ಗೆರೆಯ ಹಿಂದೆ ಓಡಿ, ಕೊನೆಗೆ ನಾಯಕನನ್ನು ಎರಡು ಸಲ ಮದುವೆ ಮಾಡಿಸಿದರು. ಪೂರ್ತಿ ಬರೆದು, ಎರಡು ತಿಂಗಳು ಮುಟ್ಟದೆ ಇಟ್ಟು, ಆಮೇಲೆ ಕೊಡಿ. ಓದುಗರನ್ನು ಎಲ್ಲಿಂದ ಹುಡುಕುತ್ತೇನೆ ಎಂದು ಮಾತ್ರ ಕೇಳಬೇಡಿ. ಸಂಬಂಧಿಕರು ಬೇಡ, ಲೇಖಕರು ಬೇಡ, ಅಷ್ಟು ಹೇಳಬಲ್ಲೆ.

ಖಾಲಿ ಕೂತವರ ಆಟ ಅಂದಿದ್ದ ಪ್ರಕಾಶಕರು ಕಳೆದ ತಿಂಗಳು ಫೋನ್ ಮಾಡಿದ್ದರು. ಅವರ ಇನ್ನೊಬ್ಬ ಲೇಖಕರ ಸರಣಿಯ ಎರಡನೇ ಪುಸ್ತಕಕ್ಕೂ ಹೀಗೇ ಅರ್ಧ ಹೊಗಳಿಕೆ, ಅರ್ಧ ಬೈಗುಳ ಬಂದಿದೆಯಂತೆ. ಒಂದು ಸಲ ಪೆನ್ಸಿಲ್ ಹಚ್ಚಿಸಿ ಕೊಡಿ ಅಂದರು. ಜೆರಾಕ್ಸ್ ಖರ್ಚು ಅವರದು, ನನ್ನ ಫೀಸು ಬೇರೆ, ಅದು ಪುಸ್ತಕದ ರೂಪದಲ್ಲಿ ಬೇಡ ಎಂದು ಹೇಳಿದ್ದೇನೆ.